ಮನೆ ಗ್ರೂಪಿಗೆ ಬಂದ ಅಣಬೆ ವಿಡಿಯೋ

ಚೇತನ್: (ಫಾರ್ವರ್ಡ್ ವಿಡಿಯೋ: ಅಣಬೆ ತಿಂದ್ರೆ ಡಿಪ್ರೆಶನ್ ಜೀವನಪೂರ್ತಿ ಮಾಯ) ಎಲ್ರೂ ಪೂರ್ತಿ ನೋಡಿ ಪ್ಲೀಸ್. ಆಸ್ಟ್ರೇಲಿಯಾದಲ್ಲಿ 2023 ಜುಲೈಯಿಂದ ಬೇರೆ ಮಾತ್ರೆಗೆ ಬಗ್ಗದ ಡಿಪ್ರೆಶನ್‌ಗೆ ಪರ್ಮಿಶನ್ ಇರೋ ಮನೋವೈದ್ಯರೇ ಈ ಅಣಬೆಯಲ್ಲಿರೋ ಸೈಲೋಸೈಬಿನ್ ಬರ್ಕೊಡಬಹುದು, ನಮ್ಮಲ್ಲಿ ಇನ್ನೂ ಹೆಸರೆತ್ತೋ ಹಾಗಿಲ್ಲ

ಸುಬ್ಬಣ್ಣ ದೊಡ್ಡಪ್ಪ: ಇದು ಮ್ಯಾಜಿಕ್ ಮಶ್ರೂಮ್ ತಾನೆ? 1985ರ ಎನ್‌ಡಿಪಿಎಸ್ ಮಾದಕ ವಸ್ತು ಕಾಯ್ದೆ ಪಟ್ಟಿಯಲ್ಲಿ ಸೈಲೋಸೈಬಿನ್ ಇದೆ. ಚಿಕ್ಕ ಮಕ್ಕಳಿರೋ ಗ್ರೂಪು, ಡಿಲೀಟ್ ಮಾಡಪ್ಪಾ

ಚೇತನ್: ಇದಕ್ಕೇ ದೊಡ್ಡಪ್ಪ ನಾನು ಯಾರ ಹತ್ರನೂ ಏನೂ ಹೇಳಲ್ಲ

ವಿದ್ಯಾ: ದೊಡ್ಡಪ್ಪ ಡಿಲೀಟ್ ಮಾಡಿಸ್ಬೇಡಿ, ಇರ್ಲಿ. ಚೇತು ಇದು ಸುಮ್ನೆ ಫಾರ್ವರ್ಡಾ ಇಲ್ಲಾ ನಿಂಗೇನಾದ್ರೂ ಪ್ಲಾನ್ ಇದ್ಯಾ?

ಚೇತನ್: ಫ್ರೆಂಡ್ಸ್ ಜೊತೆ ಕೊಡೈಕೆನಾಲ್ ಹೋಗ್ತಿದೀನಿ, ಅಲ್ಲಿ ಈ ಅಣಬೆ ಸಿಗುತ್ತಂತೆ. ಅಕ್ಕಾ ಎಷ್ಟು ತಿಂಗಳಿಂದ ಡಿಪ್ರೆಶನ್ ಮಾತ್ರೆ ಎಸಿಟಲೋಪ್ರಾಮ್ ನುಂಗ್ತಿದೀನಿ ನಿಂಗೊತ್ತು, ಅಳುನೂ ಬರಲ್ಲ ನಗುನೂ ಬರಲ್ಲ, ಅಜ್ಜಿ ತೀರ್ಕೊಂಡಾಗ ಎಲ್ರೂ ಅಳ್ತಿದ್ರೆ ನಾನು ಶಾಮಿಯಾನದವನಿಗೆ ದುಡ್ಡು ಎಣಿಸಿ ಕೊಡ್ತಿದ್ದೆ ಒಳಗೆ ಏನೂ ಆಗ್ಲಿಲ್ಲ. ಈ ಅಣಬೆ ಮೆದುಳಲ್ಲಿ ಭಯದ ಜಾಗ ಅಮಿಗ್ಡಲಾನ ಆಫ್ ಮಾಡುತ್ತಂತೆ

ವಿದ್ಯಾ: ಮರಗಟ್ಟಿದ ಹಾಗೆ ಆಗೋದು ಆ ಮಾತ್ರೆ ತಗೊಳ್ಳೋ ಸುಮಾರು ಜನಕ್ಕೆ ಆಗುತ್ತೆ ಕಣೋ, ಡಾಕ್ಟರಿಗೆ ಹೇಳಿದ್ರೆ ಡೋಸ್ ಕಮ್ಮಿ ಮಾಡ್ತಾರೆ ಇಲ್ಲಾ ಬೇರೆ ಮಾತ್ರೆ ಕೊಡ್ತಾರೆ. ಆದ್ರೆ ಆಫ್ ಮಾಡುತ್ತೆ ಅನ್ನೋದು ಅರ್ಧ ಮಾತು. ಲಂಡನ್ ಇಂಪೀರಿಯಲ್ ಕಾಲೇಜಿನವರು ಡಿಪ್ರೆಶನ್ ಇರೋರಿಗೆ ಕೊಟ್ಟು ಮಾರನೇ ದಿನ ಸ್ಕ್ಯಾನ್ ಮಾಡಿದಾಗ ಭಯದ ಮುಖ ನೋಡಿ ಅಮಿಗ್ಡಲಾ ಮುಂಚಿಗಿಂತ ಜಾಸ್ತಿನೇ ಸ್ಪಂದಿಸಿತ್ತು. ಅಂದ್ರೆ ಒಳಗೆ ಅದುಮಿಟ್ಟಿದ್ದೆಲ್ಲ ಎದ್ದು ಬರುತ್ತೆ, ಅಳು ಭಯ ಎಲ್ಲಾನೂ, ಆರೇಳು ಗಂಟೆ. ಅದಕ್ಕೇ ಟ್ರಯಲ್‌ಗಳಲ್ಲಿ ಮುಂಚೆನೇ ಕೂರಿಸಿ ತಯಾರು ಮಾಡ್ತಾರೆ, ಅಷ್ಟು ಹೊತ್ತೂ ಥೆರಪಿಸ್ಟ್ ಪಕ್ಕದಲ್ಲೇ ಇರ್ತಾರೆ, ಆಮೇಲೂ ಮಾತಾಡಿಸ್ತಾರೆ. ಕೊಡೈನಲ್ಲಿ ನಿನ್ನ ಪಕ್ಕ ಯಾರಿರ್ತಾರೆ?

ಚೇತನ್: ಫ್ರೆಂಡ್ಸ್ ಇರ್ತಾರೆ. ಮತ್ತೆ ರಿಸಲ್ಟ್ ಬಂದಿರೋದು ಸುಳ್ಳಾ ಹಾಗಾದ್ರೆ

ವಿದ್ಯಾ: ಸುಳ್ಳಲ್ಲ, ನಂಗೂ ಆಸೆ ಇದೆ ಅದರ ಮೇಲೆ. 2022ರ ದೊಡ್ಡ ಟ್ರಯಲ್, 233 ಜನ, ಬೇರೆ ಮಾತ್ರೆ ಕೆಲಸ ಮಾಡದೇ ಇದ್ದೋರು. 25 ಮಿಲಿಗ್ರಾಂ ಒಂದೇ ಸಲ ತಗೊಂಡೋರಲ್ಲಿ ಮೂರು ವಾರಕ್ಕೆ ನೂರಕ್ಕೆ 37 ಜನಕ್ಕೆ ಚೆನ್ನಾಗಿ ಗುಣ ಕಾಣಿಸ್ತು, ಬರೀ 1 ಮಿಲಿಗ್ರಾಂ ತಗೊಂಡೋರಲ್ಲಿ 18. ಆದ್ರೆ ಹನ್ನೆರಡು ವಾರದವರೆಗೂ ಅದು ಉಳ್ಕೊಂಡಿದ್ದು ನೂರಕ್ಕೆ 20 ಜನಕ್ಕೆ. ಆ ವಿಡಿಯೋದವನು ಜೀವನಪೂರ್ತಿ ಮಾಯ ಅಂತಾನಲ್ಲ, ಅದು ಎಲ್ಲಿಂದ ಬಂತು? ಅಲ್ಲಿ ಕೊಟ್ಟಿದ್ದು ಅಳತೆ ಮಾಡಿದ ಕ್ಯಾಪ್ಸೂಲ್, ನಿಂಗೆ ರಸ್ತೆಬದಿ ಕೈಗಿಡೋ ಅಣಬೆಯಲ್ಲಿ ಎಷ್ಟಿದೆ ಅಂತ ಕೊಡೋನಿಗೂ ಗೊತ್ತಿರಲ್ಲ

ಲತಾ ಅತ್ತೆ: ಬೇಡ ಕಂದ ಅಷ್ಟು ದೂರ ಹೋಗಿ ಏನಾದ್ರೂ ಆದ್ರೆ 🙏

ವಿದ್ಯಾ: ಇನ್ನೊಂದಿದೆ. ಹತ್ತಿರದ ರಕ್ತಸಂಬಂಧದಲ್ಲಿ ಯಾರಿಗಾದ್ರೂ ಸ್ಕಿಜೋಫ್ರೇನಿಯಾ ಇದ್ರೆ ಈ ಟ್ರಯಲ್‌ಗಳಿಗೆ ಸಾಮಾನ್ಯವಾಗಿ ಸೇರಿಸ್ಕೊಳ್ಳೋದೇ ಇಲ್ಲ, ಇದರಿಂದ ಸೈಕೋಸಿಸ್, ಅಂದ್ರೆ ಇಲ್ಲದ್ದು ಕಾಣಿಸೋದು ಕೇಳಿಸೋದು, ಶುರುವಾಗೋ ಅಪಾಯ ಇದೆ ಅಂತ. ದೊಡ್ಡಪ್ಪ, ನೀವೇ ಹೇಳ್ತೀರಾ?

ಲತಾ ಅತ್ತೆ: ವಿದ್ಯಾ ಅದೆಲ್ಲ ಗ್ರೂಪಲ್ಲಿ ಬೇಡ. ಸೊಸೆ ಮನೆ ಕಡೆಯೋರೂ ಇದಾರೆ ಇಲ್ಲಿ

ಸುಬ್ಬಣ್ಣ ದೊಡ್ಡಪ್ಪ: ಇರ್ಲಿ ಬಿಡು ಲತಾ, ಎಷ್ಟು ವರ್ಷ ಅಂತ ಮುಚ್ಚಿಡೋದು. ಚೇತು, ರಘು ಚಿಕ್ಕಪ್ಪಂಗೆ ಇದ್ದಿದ್ದು ಅದೇ ಕಾಯಿಲೆ. ನಿಮ್ಹಾನ್ಸ್‌ನಲ್ಲಿ ತೋರಿಸ್ತಿದ್ವಿ

ಚೇತನ್: ಟೈಫಾಯ್ಡ್ ತಲೆಗೇರಿತ್ತು ಅಂತ ಹೇಳಿದ್ರಲ್ಲ ಎಲ್ರೂ??

ಸುಬ್ಬಣ್ಣ ದೊಡ್ಡಪ್ಪ: ನಿಮ್ಮಜ್ಜಿ ಹಾಗೆ ಹೇಳಿ ಅಂದ್ರು. ಲತಾಗೆ ಗಂಡು ನೋಡ್ತಿದ್ದ ಕಾಲ ಅದು

ಚೇತನ್: ನನ್ನ ಡಾಕ್ಟರು ಕೇಳಿದಾಗ ಮನೇಲಿ ಯಾರಿಗೂ ಇಲ್ಲ ಅಂತ ಬರೆಸಿದೀನಿ ನಾನು. ಯಾರಾದ್ರೂ ಒಬ್ರು ಹೇಳ್ಬೇಕಿತ್ತು. ನಿಜವಾಗ್ಲೂ

ಲತಾ ಅತ್ತೆ: ತಪ್ಪಾಯ್ತು ಮಗನೇ

ವಿದ್ಯಾ: ಚೇತು ನಿಂಗೆ ಹಾಗೇ ಆಗುತ್ತೆ ಅಂತ ಅಲ್ಲ, ಚಿಕ್ಕಪ್ಪನ ಮಕ್ಕಳೇ ಆರಾಮಾಗಿದಾರೆ ನೋಡು. ಆದ್ರೆ ಈ ಅಣಬೆ ವಿಷಯದಲ್ಲಿ ಮಾತ್ರ ರಿಸ್ಕ್ ತಗೋಬೇಡ. ಡಾಕ್ಟರಿಗೆ ಇದನ್ನ ಹೇಳು, ಮರಗಟ್ಟಿರೋದನ್ನೂ ಹೇಳು, ಶಾಮಿಯಾನದ್ದನ್ನೂ ಹೇಳು. ಒಂದು ಮಾತ್ರೆ ಆಗ್ಲಿಲ್ಲ ಅಂದ್ರೆ ಇನ್ನೂ ಸುಮಾರು ದಾರಿ ಇದೆ. ಅಂದಹಾಗೆ ಈಗ ಮಾತ್ರೆ ತಗೋತಿದೀಯಾ?

ಚೇತನ್: ಹೋದ ವಾರ ನಿಲ್ಸಿದೆ. ಎರಡೂ ಒಟ್ಟಿಗಿದ್ರೆ ಅಣಬೆ ಏರಲ್ಲ ಅಂದ ಫ್ರೆಂಡು. ತಲೆ ಒಳಗೆ ಕರೆಂಟ್ ಹೊಡ್ದಂಗೆ ಜುಮ್ ಅಂತಿದೆ ಆವಾಗಾವಾಗ

ವಿದ್ಯಾ: ಅದು ಏಕ್ದಂ ನಿಲ್ಸಿದ್ದಕ್ಕೇ. ಈಗ್ಲೇ ಕಾಲ್ ಮಾಡ್ತಿದೀನಿ ಎತ್ಕೋ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ರೆ ನನಗೆ ಮಾಡು, ನಾನು ಡ್ಯೂಟೀಲಿದ್ದು ಸಿಗ್ಲಿಲ್ಲ ಅಂದ್ರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ

ಚೇತನ್: ಹೂಂ ಮಾಡು. ಕೊಡೈ ಟ್ರಿಪ್ ಬಗ್ಗೆ ಈಗ ಏನೂ ಕೇಳ್ಬೇಡಿ ಯಾರೂ

ಸುಬ್ಬಣ್ಣ ದೊಡ್ಡಪ್ಪ: ಕೇಳಲ್ಲ. ರಘು ಹಳೇ ಚೀಟಿಗಳು ನನ್ನ ಬೀರೂಲಿವೆ, ಡಾಕ್ಟರ ಹತ್ರ ಯಾವತ್ತು ಹೋಗ್ತೀಯ ಹೇಳು, ತಗೊಂಡು ನಾನೂ ಬರ್ತೀನಿ