ವಿದೇಶದ ಹಣ ಮತ್ತು ಯುಪಿಐ: ನಿವೃತ್ತ ವಿದೇಶಿ ವಿನಿಮಯ ಅಧಿಕಾರಿಯೊಂದಿಗೆ ಪ್ರಶ್ನೋತ್ತರ

ಸಾಗರದ ಸದಸ್ಯೆ: ಸರ್, ಕೆಲಸಕ್ಕೆಂದು ಸಿಂಗಾಪುರಕ್ಕೆ ಹೋಗಿರುವ ನನ್ನ ಮಗ ಅಲ್ಲಿನ ಪಾವತಿ ವ್ಯವಸ್ಥೆಯಾದ ಪೇನೌ ಮೂಲಕ ನನ್ನ ಯುಪಿಐಗೆ ನೇರವಾಗಿ ಹಣ ಕಳುಹಿಸಬಹುದೇ? ಇಲ್ಲಿನ ಅವನ ಹಳೆಯ ಉಳಿತಾಯ ಖಾತೆ ಹಾಗೆಯೇ ಇದೆ. ಮನೆಯ ಕರೆಂಟ್ ಬಿಲ್ಲನ್ನು ಅದರಿಂದಲೇ ಕಟ್ಟುತ್ತಾನೆ.

ಅಧಿಕಾರಿ: ಕಳುಹಿಸಬಹುದು ಅಮ್ಮಾ. ಎರಡೂ ದೇಶಗಳು 2023ರ ಫೆಬ್ರುವರಿ 21ರಂದು ಈ ಜೋಡಣೆಗೆ ಚಾಲನೆ ನೀಡಿವೆ. ಆದರೆ ನಿಮ್ಮಿಬ್ಬರ ಬ್ಯಾಂಕುಗಳೂ ಅದರಲ್ಲಿ ಸೇರಿರಬೇಕು. ನನ್ನನ್ನು ಚಿಂತೆಗೆ ಹಚ್ಚಿದ್ದು ನಿಮ್ಮ ಕೊನೆಯ ಮಾತು. ಉದ್ಯೋಗಕ್ಕಾಗಿ ದೇಶ ಬಿಟ್ಟವರನ್ನು ವಿದೇಶಿ ವಿನಿಮಯ ನಿರ್ವಹಣೆಯ ಫೆಮಾ ಕಾಯ್ದೆ ಅನಿವಾಸಿ ಎಂದು ಪರಿಗಣಿಸುತ್ತದೆ. ಅವರ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಲೇಬೇಕು. ಹಣ ಗಡಿ ದಾಟಲು ಕ್ಷಣ ಸಾಕು, ಆದರೆ ಕಳುಹಿಸಿದವನು ಯಾವ ದೇಶದ ನಿವಾಸಿ ಎಂಬುದನ್ನು ತಂತ್ರಾಂಶವು ತಾನಾಗಿ ಅರಿಯದು. ಬ್ಯಾಂಕಿನ ಕೆವೈಸಿಯಲ್ಲಿ ಏನಿದೆಯೋ ಅದನ್ನೇ ನಂಬುತ್ತದೆ. ಅಲ್ಲಿ ತಪ್ಪು ಉಳಿದರೆ ಮುಂದೆ ವಿವರಣೆ ಕೊಡಬೇಕಾದವನು ನಿಮ್ಮ ಮಗ. ಬದಲಾಯಿಸಿದರೆ ಯುಪಿಐ ನಿಂತುಹೋಗುವುದೆಂಬ ಭಯ ಬೇಡ. 2023ರ ಜನವರಿಯಲ್ಲೇ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ, ಸಿಂಗಾಪುರವೂ ಸೇರಿದಂತೆ 10 ದೇಶಗಳ ಮೊಬೈಲ್ ಸಂಖ್ಯೆಗಳಿಂದ ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳ ಯುಪಿಐ ಬಳಸಲು ದಾರಿ ಮಾಡಿಕೊಟ್ಟಿದೆ.

ದಾವಣಗೆರೆಯ ಸದಸ್ಯ: ವಿದೇಶದ ಹಣ ಬರಬೇಕಾದರೆ ಲಿಂಕ್ ಒತ್ತಿ, ಒಮ್ಮೆ ಪಿನ್ ಹಾಕಿ ಖಾತೆಯನ್ನು ಸಕ್ರಿಯಗೊಳಿಸಬೇಕು ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾದೀತೆಂದು ನಮ್ಮ ಈ ಗುಂಪಿನಲ್ಲಿ ಹಾಕಿದ್ದೇನೆ.

ಅಧಿಕಾರಿ: ದಯವಿಟ್ಟು ಈಗಲೇ ಅಳಿಸಿ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ. ಇದನ್ನು ಎಷ್ಟು ಸಲ ಹೇಳಬೇಕು?

ಹುಬ್ಬಳ್ಳಿಯ ಸದಸ್ಯ: ಫ್ರಾನ್ಸಿನಲ್ಲಿ ಎಲ್ಲ ಅಂಗಡಿಗಳಲ್ಲೂ ಯುಪಿಐ ನಡೆಯುತ್ತದೆಯೇ?

ಅಧಿಕಾರಿ: ಇಲ್ಲ. 2024ರ ಫೆಬ್ರುವರಿಯಲ್ಲಿ ಐಫೆಲ್ ಗೋಪುರದ ಟಿಕೆಟ್‌ನಿಂದ ಆರಂಭವಾಯಿತು. ಒಪ್ಪಂದವಿರುವ ವ್ಯಾಪಾರಿಗಳಲ್ಲಿ ಮಾತ್ರ.

ಮೈಸೂರಿನ ಸದಸ್ಯ: ಜಗತ್ತೆಲ್ಲ ನಮ್ಮ ಯುಪಿಐಯನ್ನೇ ಒಪ್ಪಿಕೊಂಡರೆ ಈ ಒಪ್ಪಂದಗಳ ಗೋಜೇ ಇರುವುದಿಲ್ಲ.

ಮಂಗಳೂರಿನ ಸದಸ್ಯೆ: ತಮ್ಮ ಪಾವತಿ ವ್ಯವಸ್ಥೆಯನ್ನು ಪರದೇಶದ ಕೈಗೆ ಯಾರು ಕೊಡುತ್ತಾರೆ? ನಾವು ಕೊಡುತ್ತೇವೆಯೇ? 2024ರಲ್ಲಿ ನಮ್ಮ ರಿಸರ್ವ್ ಬ್ಯಾಂಕೇ, ಹಲವು ದೇಶಗಳ ಪಾವತಿ ವ್ಯವಸ್ಥೆಗಳನ್ನು ಒಟ್ಟಿಗೆ ಜೋಡಿಸುವ ನೆಕ್ಸಸ್ ಯೋಜನೆಗೆ ಸೇರಿದೆಯಲ್ಲ.

ಮೈಸೂರಿನ ಸದಸ್ಯ: ದೇಶದ ಹೆಮ್ಮೆಯನ್ನು ಕುಗ್ಗಿಸುವುದೇ ಕೆಲವರಿಗೆ ಚಟ.

ಮಂಗಳೂರಿನ ಸದಸ್ಯೆ: ಪ್ರಶ್ನೆಗೆ ಉತ್ತರವಿಲ್ಲದಾಗ ಹೆಮ್ಮೆ ನೆನಪಾಗುವುದು ಇನ್ನು ಕೆಲವರ ಚಟ.

ಅಧಿಕಾರಿ: ನೆಕ್ಸಸ್ ವಿಷಯದಲ್ಲಿ ಅವರು ಹೇಳಿದ್ದು ಸರಿ. ಭಾರತ, ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್, ಫಿಲಿಪ್ಪೀನ್ಸ್ ಪರಸ್ಪರ ಜೋಡಿಯಾಗಿ ಹೊರಟರೆ 10 ಪ್ರತ್ಯೇಕ ಜೋಡಣೆಗಳು ಬೇಕು. ನೆಕ್ಸಸ್‌ನಲ್ಲಿ ಪ್ರತಿ ದೇಶವೂ ತನ್ನ ವ್ಯವಸ್ಥೆಯನ್ನು ಉಳಿಸಿಕೊಂಡು ಒಂದೇ ಸಲ ಜೋಡಿಸಿಕೊಂಡರೆ ಸಾಕು. ತಂತ್ರಜ್ಞಾನ ಇದರಲ್ಲಿ ಸುಲಭದ ಭಾಗ. ಅಕ್ರಮ ಹಣದ ತಪಾಸಣೆ ಯಾರದು, ವಿನಿಮಯ ದರ ಯಾರದು, ಹಣ ತಪ್ಪಿಹೋದರೆ ದೂರು ಎಲ್ಲಿ ಎಂಬುದನ್ನು ಇತ್ಯರ್ಥಪಡಿಸುವುದರಲ್ಲೇ ವರ್ಷಗಳು ಕಳೆಯುತ್ತವೆ.

ಕಲಬುರಗಿಯ ಸದಸ್ಯ: ಜರ್ಮನಿಯ ವಿಶ್ವವಿದ್ಯಾಲಯದ ಶುಲ್ಕವನ್ನು ಹೀಗೆ ಕಟ್ಟಬಹುದೇ ಸರ್?

ಮೈಸೂರಿನ ಸದಸ್ಯ: ಅಧಿಕಾರಿಗಳೂ ಒಂದು ಪಕ್ಷ ವಹಿಸಿದ ಹಾಗಾಯಿತು.

ಹುಬ್ಬಳ್ಳಿಯ ಸದಸ್ಯ: ಹಾಗಾದರೆ ಪ್ಯಾರಿಸ್‌ನಲ್ಲಿ?

ಅಧಿಕಾರಿ: ಮೇಲೆ ಓದಿ.

ಸಾಗರದ ಸದಸ್ಯೆ: ಖಾತೆ ಬದಲಾಯಿಸಲು ಮಗನೇ ಬರಬೇಕೇ ಸರ್?

ಅಧಿಕಾರಿ: ಬ್ಯಾಂಕಿನಿಂದ ಬ್ಯಾಂಕಿಗೆ ಕ್ರಮ ಬೇರೆ. ಪಾಸ್‌ಪೋರ್ಟ್, ಅಲ್ಲಿನ ಕೆಲಸದ ಪರವಾನಗಿ ಮತ್ತು ವಿಳಾಸದ ದಾಖಲೆಗಳನ್ನು ಸಿದ್ಧವಿಟ್ಟುಕೊಂಡು, ಖಾತೆಯಿರುವ ಶಾಖೆಗೆ ಅವನೇ ಇಮೇಲ್ ಬರೆಯಲಿ. ವಾದ ಮಾಡುವವರು ದಯವಿಟ್ಟು ಬೇರೆಡೆ ಮುಂದುವರಿಸಿ.