ಬೀರುವಿನ ಹಿಂದೆ ಕಪ್ಪು ಬೂಷ್ಟು: ಒರೆಸಿದರೂ ಮತ್ತೆ ಬರುತ್ತಿದೆ

ಪ್ರಶ್ನೆ
ಮಲಗುವ ಕೋಣೆಯಲ್ಲಿ ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಅಂಗೈಯಗಲ ಕಪ್ಪು ಬೂಷ್ಟು. ಬ್ಲೀಚ್ ಹಾಕಿ ಒರೆಸಿದರೆ ಮೂರೇ ವಾರಕ್ಕೆ ಅಲ್ಲೇ ಹಾಜರು. ಅಲ್ಲಿ ಮಲಗುವವರಿಗೆ ಬೆಳಗ್ಗೆ ಎದ್ದ ಕೂಡಲೇ ಸೀನು, ಕಟ್ಟಿದ ಮೂಗು, ಮಧ್ಯಾಹ್ನಕ್ಕೆ ಸರಿಹೋಗುತ್ತದೆ. ಗಾಳಿಯ ತೇವಾಂಶ ಅಳೆಯುವ ಹೈಗ್ರೋಮೀಟರ್ ರಾತ್ರಿ 72% ತೋರಿಸುತ್ತದೆ. ಹೆಪಾ ಪ್ಯೂರಿಫೈಯರ್ (ಗಾಳಿಯ ಸಣ್ಣ ಕಣ ಸೋಸುವ ಯಂತ್ರ) ತಂದರೆ ಎರಡೂ ನಿಲ್ಲುತ್ತವೆಯೇ?

ಉತ್ತರ 1
ಪ್ಯೂರಿಫೈಯರ್ ಮಾತು ಆಮೇಲೆ. ಎಲ್ಲದರ ಮೂಲ ಆ 72. ಕೋಣೆಯ ನಡುವೆ ಅಷ್ಟಿದ್ದರೆ ಗಾಳಿಯಾಡದ ತಣ್ಣನೆ ಸಂದಿಯಲ್ಲಿ ಇನ್ನೂ ಹೆಚ್ಚಿರುತ್ತದೆ. ಬೂಷ್ಟಿಗೆ ಗೋಡೆ ತೊಟ್ಟಿಕ್ಕಬೇಕಿಲ್ಲ, ಮೇಲ್ಮೈ ಬಳಿ 80% ತೇವಾಂಶ ನಿಂತರೆ ಸಾಕು.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಬೂಷ್ಟಿನ ಪಕ್ಕದ ಒಣ ಜಾಗದಲ್ಲಿ ಒಂದಡಿ ಚೌಕದ ಅಲ್ಯೂಮಿನಿಯಂ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ಕೋಣೆಯ ಆವಿ. ಗೋಡೆಯ ಕಡೆ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹಾಗಿದ್ದರೆ ಪೈಪು, ಬಿರುಕು, ಚಾವಣಿ ಸರಿಪಡಿಸದೆ ಮಾಡುವುದೆಲ್ಲ ವ್ಯರ್ಥ.

ಉತ್ತರ 2
ಬ್ಲೀಚ್ ಯಾಕೆ ಸೋಲುತ್ತದೆ ಅಂದರೆ, ಅದು ಮೇಲಿನ ಬಣ್ಣ ತೆಗೆಯುತ್ತದೆ, ಗಾರೆಯ ರಂಧ್ರದೊಳಗಿನ ಎಳೆಗಳಿಗೆ ಸರಿಯಾಗಿ ತಲುಪುವುದಿಲ್ಲ. ಸತ್ತ ಬೂಷ್ಟೂ ಅಲರ್ಜಿ ಎಬ್ಬಿಸುತ್ತದೆ, ಹಾಗಾಗಿ ಕೊಲ್ಲುವುದಕ್ಕಿಂತ ತೆಗೆದುಹಾಕುವುದೇ ಮುಖ್ಯ. ಎನ್95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿ. ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ. ಒಣಗಿದ್ದಾಗ ಉಜ್ಜಲೇಬೇಡಿ, ಬೀಜಕಣ ಕೋಣೆಯೆಲ್ಲ ಹಾರುತ್ತವೆ. ಡಿಟರ್ಜೆಂಟ್ ನೀರಿನಿಂದ ನೆನೆಸಿ ಉಜ್ಜಿ, ಒದ್ದೆ ಬಟ್ಟೆಯಿಂದ ಎತ್ತಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಎದ್ದ ಪೇಂಟ್ ಕೆರೆಯಿರಿ. ಗೋಡೆ ಪೂರ್ತಿ ಒಣಗುವ ಮೊದಲು ಮತ್ತೆ ಪೇಂಟ್ ಬಳಿದರೆ ಅದೂ ಸಿಪ್ಪೆಯಂತೆ ಏಳುತ್ತದೆ. ಸುಮಾರು 1 ಚದರ ಮೀಟರ್ ಮೀರಿದರೆ ತಿಳಿದವರನ್ನು ಕರೆಸಿ. ಬ್ಲೀಚನ್ನು ಅಮೋನಿಯಾ ಅಥವಾ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಉತ್ತರ 3
ಬೆಳಗಿನ ಸೀನಿಗೆ ಬೂಷ್ಟು ಒಂದೇ ಕಾರಣವಿರಲಾರದು, ಹಾಸಿಗೆಯನ್ನೂ ಅನುಮಾನಿಸಿ. ಅಲ್ಲಿರುವ ಧೂಳಿನ ನುಸಿ (ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಮೈಯಿಂದ ಹೀರುತ್ತದೆ. ತೇವಾಂಶ ವಾರಗಟ್ಟಲೆ 50%ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಅಲರ್ಜಿ ತರುವುದು ಹೆಚ್ಚಾಗಿ ಅದರ ಹಿಕ್ಕೆ. ಆ ಕಣ ದಪ್ಪ, ಹಾಸಿಗೆ ಕೊಡವಿದಾಗ ಎದ್ದು ಕೆಲವೇ ನಿಮಿಷಕ್ಕೆ ಕೆಳಗಿಳಿಯುತ್ತದೆ. ಮೂಲೆಯ ಪ್ಯೂರಿಫೈಯರ್‌ಗೆ ಅದು ಸಿಗುವುದೇ ಕಡಿಮೆ, ದಿಂಬಿಗೆ ಒತ್ತಿದ ಮೂಗಿಗೆ ಮಾತ್ರ ಸಿಗುತ್ತದೆ! ಹಾಸಿಗೆ, ದಿಂಬಿಗೆ ಜಿಪ್ ಇರುವ ದಟ್ಟ ನೇಯ್ಗೆಯ ಕವರ್ ಹಾಕಿ. ಹೊದಿಕೆಯನ್ನು ವಾರಕ್ಕೊಮ್ಮೆ 55 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿನೀರಲ್ಲಿ ಒಗೆಯಿರಿ. ತಣ್ಣೀರಲ್ಲಿ ನುಸಿ ಬದುಕುಳಿಯುತ್ತದೆ.

ಬೆಕ್ಕಿನ ಹೊಟ್ಟು, ಬೂಷ್ಟಿನ ಬೀಜಕಣದಂಥ ಗಂಟೆಗಟ್ಟಲೆ ತೇಲುವ ಸಣ್ಣ ಕಣಗಳಿಗೆ ಹೆಪಾ ಒಳ್ಳೆಯದೇ. ಓಜೋನ್ ಬಿಡುವ ಯಂತ್ರ ಬೇಡ, ಶ್ವಾಸಕೋಶಕ್ಕೇ ಹಾನಿ.

ಪ್ರಶ್ನೆ ಕೇಳಿದವರು
ಹಾಳೆಯ ಹೊರಮೈಯೇ ಒದ್ದೆಯಾಗಿದೆ. ಬಟ್ಟೆ ಒಣಗುವುದೂ ಅದೇ ಕೋಣೆಯಲ್ಲಿ.

ಉತ್ತರ 1
ಹಾಗಾದರೆ ಬಟ್ಟೆ ಬೇರೆ ಕಡೆ. ಬೀರುವನ್ನು ಗೋಡೆಯಿಂದ 8–10 ಸೆಂ.ಮೀ. ಮುಂದೆ ಎಳೆಯಿರಿ, ಆದರೆ ಒಳಗೋಡೆಗೆ ಸರಿಸಿದರೆ ಇನ್ನೂ ಮೇಲು. ಸ್ನಾನದ ನಂತರ ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ. ಅದರ ಗಾಳಿ ಅಟ್ಟಕ್ಕಲ್ಲ, ಹೊರಗೇ ಹೋಗುತ್ತಿದೆಯೇ ನೋಡಿ. ಹೊರಗೇ ತೇವ ಜಾಸ್ತಿಯಿರುವ ದಿನ ಕಿಟಕಿ ತೆರೆದು ಪ್ರಯೋಜನವಿಲ್ಲ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಬೇಕು. ಅದರ ತೊಟ್ಟಿಯನ್ನು ದಿನಾ ಖಾಲಿ ಮಾಡಿ ತೊಳೆಯಿರಿ. ಮೀಟರ್ 50ರ ಆಸುಪಾಸಿಗೆ ಬರುವವರೆಗೆ ಪೇಂಟ್ ಡಬ್ಬ ತೆರೆಯಬೇಡಿ.