ಊಟದ ನಂತರ ಶುಗರ್ 240: ಏಕನಾಯಕ, ಮಧುನಾಶಿನಿ ಪುಡಿ ಕೊಡಬಹುದಾ?

ಕುಮಟಾದವ:
ಅಪ್ಪಯ್ಯನಿಗೆ 64 ವರ್ಷ. ಖಾಲಿ ಹೊಟ್ಟೆಯಲ್ಲಿ ಶುಗರ್ 120ರ ಆಸುಪಾಸು ಇರುತ್ತದೆ, ಆದರೆ ಮಧ್ಯಾಹ್ನ ಉಂಡು ಎರಡು ತಾಸಿಗೆ ನೋಡಿದರೆ 240 ದಾಟಿರುತ್ತದೆ. ಶುಗರ್ ಇಳಿಸುವ ಮಾತ್ರೆಗಳಾದ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ನಡೆಯುತ್ತಿದೆ. ಈಗ ಶಿರಸಿ ಕಡೆಯ ನೆಂಟರೊಬ್ಬರು ಏಕನಾಯಕ, ಮಧುನಾಶಿನಿ, ನೇರಳೆ ಬೀಜ ಸೇರಿಸಿದ ಪುಡಿ ತಂದುಕೊಟ್ಟು, "ಗಿಡಮೂಲಿಕೆ ಅಲ್ವಾ, ಏನೂ ಆಗೋದಿಲ್ಲ, ಮಾತ್ರೆ ಬಿಟ್ಟುಬಿಡು" ಅಂತ ಬೇರೆ ಹೇಳಿ ಹೋಗಿದ್ದಾರೆ. ಅಪ್ಪಯ್ಯ ಬಿಡುವ ಹವಣಿಕೆಯಲ್ಲೇ ಇದ್ದಾರೆ. ಬಳಸಿದವರು ಯಾರಾದರೂ ಇದ್ದೀರಾ?

ಕಾರವಾರ ಮೆಡಿಕಲ್:
ಮಾತ್ರೆ ಮಾತ್ರ ಬಿಡಿಸಬೇಡಿ. ಏಕನಾಯಕ ಸುಳ್ಳು ಮದ್ದೇನಲ್ಲ. ಅನ್ನದ ಪಿಷ್ಟವನ್ನು ಕರುಳಿನಲ್ಲಿ ಗ್ಲೂಕೋಸ್ ಮಾಡುವ ಕಿಣ್ವವನ್ನು ಅದರ ಬೇರಿನ ಅಂಶ ತಡೆಯುತ್ತದೆ. ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆಗಳದ್ದೂ ಇದೇ ಕೆಲಸ. ಹಾಗಾಗಿ ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕು, ಬೆಳಿಗ್ಗೆ ಕಷಾಯ ಕುಡಿದು ಮಧ್ಯಾಹ್ನ ಅನ್ನ ಉಂಡರೆ ಏನು ಬಂತು? ಹೊಟ್ಟೆ ಉಬ್ಬರ, ಗ್ಯಾಸ್ ಕೂಡ ಆಗಬಹುದು.

ನನಗೆ ಭಯ ಗ್ಲಿಮೆಪಿರೈಡ್‌ದು, ಅದು ಶುಗರನ್ನು ತೀರಾ ಕೆಳಗೆ ಇಳಿಸಬಲ್ಲ ಮಾತ್ರೆ. ಅದರ ಜೊತೆ ಈ ಪುಡಿ ಸೇರಿ ಶುಗರ್ 70ಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ ಶುರುವಾದರೆ ಮನೆಯವರು ತಕ್ಷಣ ಸಕ್ಕರೆ ನೀರೋ ಬೆಲ್ಲವೋ ಕೊಡುತ್ತಾರೆ. ಆದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ತಡೆದಿಟ್ಟಿರುವಾಗ ಅದು ಬೇಗ ರಕ್ತಕ್ಕೆ ಸೇರುವುದಿಲ್ಲ. ಗ್ಲೂಕೋಸ್ ಪುಡಿಯೇ ಬೇಕು. ಮನೆಯಲ್ಲಿ ಒಂದು ಪೊಟ್ಟಣ ಇರಲಿ.

ಶಿರಸಿ ಅಕ್ಕ:
ತಮ್ಮಾ, ನಮ್ಮ ಬೇಲಿಯಲ್ಲೇ ಮಧುನಾಶಿನಿ ಬಳ್ಳಿ ಇದೆ. ಎಲೆ ಅಗಿದು ಜೋನಿಬೆಲ್ಲ ಬಾಯಿಗೆ ಹಾಕಿದರೆ ಸಿಹಿಯೇ ಗೊತ್ತಾಗುವುದಿಲ್ಲ. ಜನ ಅದನ್ನೇ ನೋಡಿ ಮರುಳಾಗುತ್ತಾರೆ. ನಾಲಿಗೆಗೆ ಸಿಹಿ ತಾಗಲಿಲ್ಲ ಅಂದರೆ ರಕ್ತದಲ್ಲಿ ಶುಗರ್ ಇಳಿಯಿತು ಅಂತಲ್ಲ ಮಾರಾಯ!

ನಮ್ಮ ಮಾವನವರಿಗೆ ನಿಜವಾಗಿ ಉಪಯೋಗ ಆಗಿದ್ದು ಊಟದ ಕ್ರಮ. ಮೊದಲು ಪಲ್ಯ, ಬೇಳೆ, ಮಜ್ಜಿಗೆ, ಆಮೇಲೆ ಅನ್ನ, ಅದೂ ಅರ್ಧಕ್ಕರ್ಧ ಕಡಿಮೆ. ಉಂಡ ಮೇಲೆ ತೋಟದ ಕಡೆ ಒಂದು ಸುತ್ತು. ನೆನೆಸಿದ ಮೆಂತ್ಯವೂ ಒಳ್ಳೆಯದೇ, ಅದರ ಲೋಳೆ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಇನ್ನೊಂದು, ಯಾರಾದರೂ ಉಪ್ಪಾಗೆ (ಹುಳಿಗೆ ಹಾಕುವ ಕಾಯಿ) ಕ್ಯಾಪ್ಸುಲ್ ತಂದುಕೊಟ್ಟರೆ ತಗೋಬೇಡಿ. ಅದು ತೂಕ ಇಳಿಸಲು ಅಂತ ಮಾರುವಂಥದ್ದು, ಲಿವರ್‌ಗೆ ಪೆಟ್ಟಾದ ಪ್ರಕರಣಗಳಿವೆ. ಸಾರಿಗೆ ಹಾಕುವ ಉಪ್ಪಾಗೆಗೆ ನನ್ನ ತಕರಾರಿಲ್ಲ.

ಘಟ್ಟದ ಮೇಲಿನವ:
ಎಲ್ಲ ಇಂಗ್ಲಿಷ್ ಮದ್ದಿನವರ ಹೆದರಿಕೆ. ನಮ್ಮ ಹಿರಿಯರು ಯಾವ ಮಾತ್ರೆ ನುಂಗಿದ್ದರು?

ಕಾರವಾರ ಮೆಡಿಕಲ್:
ಅಣ್ಣಾ, ಮೆಟ್‌ಫಾರ್ಮಿನ್ ಹುಟ್ಟಿದ್ದೂ ಗಲೇಗಾ ಎಂಬ ಗಿಡದ ಜಾಡು ಹಿಡಿದೇ. ಆದರೆ ಮಾತ್ರೆಯಲ್ಲಿ 500 ಮಿಲಿಗ್ರಾಂ ಅಂದರೆ 500 ಇರುತ್ತದೆ. ಕುಮಟಾದವರೇ, ನಿಮ್ಮ ಪುಡಿ ಡಬ್ಬಿಯ ಮೇಲೆ ಯಾವುದು ಎಷ್ಟು ಅಂತ ಬರೆದಿದೆಯಾ?

ಕುಮಟಾದವ:
ಡಬ್ಬಿಯೆಲ್ಲಿ ಬಂತು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದು. ನಾಡಿದ್ದು ಡಾಕ್ಟರ ಹತ್ತಿರ ಹೋಗುವುದಿದೆ, ಕೊಟ್ಟೆ ಸಮೇತ ತೋರಿಸುತ್ತೇನೆ. ಅಲ್ಲಿಯವರೆಗೆ ಪುಡಿ ಬೇಡ, ಮಾತ್ರೆ ಇರಲಿ ಅಂತ ಅಪ್ಪಯ್ಯನನ್ನು ಒಪ್ಪಿಸಿದ್ದೇನೆ. ಅನ್ನ ಕಡಿಮೆ ಮಾಡಿ ಅಂದಿದ್ದಕ್ಕೆ ಮಾತ್ರ ಸಿಟ್ಟಾಗಿದ್ದಾರೆ.